ಸಂಕ್ರಾಂತಿವರೆಗೆ ಮಾತ್ರ

ಆಸ್ಪತ್ರೆಯಲ್ಲಿ ಪ್ರಜ್ಞೆಯಿಲ್ಲದೆ ಮಲಗಿದ್ದರೂ ಅಂಕಮ್ಮನ ಹೆಬ್ಬೆರಳು, ತೋರುಬೆರಳು ಹೊದಿಕೆಯ ಅಂಚನ್ನು ಹಿತುಕುತ್ತಲೇ ಇದ್ದವು. ಜಯನಗರದ ಹೋಟೆಲಿನ ಹಿತ್ತಲಲ್ಲಿ, ನೆನೆಸಿದ ಅವರೆಕಾಳನ್ನು ಹಿತುಕಿ ಸಿಪ್ಪೆ ಬಿಡಿಸುತ್ತಿದ್ದಾಗಲೇ ಅವಳು ಕುಸಿದಿದ್ದಳು. ಗಂಡ ಮುನಿಯಣ್ಣ ಅಲ್ಲೇ ಅಡುಗೆಯವನು.

ಮಾಲೀಕ ಗುರುಶಾಂತಪ್ಪ ಕಿತ್ತಳೆಹಣ್ಣು ಹಿಡಿದು ಬಂದರು. "ಹಿತುಕಿದ ಬೇಳೆ ಸಾರು ತಿನ್ನೋಕೆ ಶಾಪಿಂಗ್ ಕಾಂಪ್ಲೆಕ್ಸ್‌ವರೆಗೂ ಕ್ಯೂ ಕಣೋ. 'ಸಂಕ್ರಾಂತಿವರೆಗೆ ಮಾತ್ರ' ಅಂತ ಬೋರ್ಡಲ್ಲಿ ಬರ್ದಿದ್ವಲ್ಲ, ಇನ್ನೊಂದು ವಾರ ಮುಂದುವರಿಸ್ತೀನಿ. ಹಿತುಕೋಕೆ ನಿನ್ ಮಗಳನ್ನ ಕಳಿಸು."

"ಆಯ್ತು ಸಾರ್," ಎಂದ ಮುನಿಯಣ್ಣ, ಹೆಂಡತಿಯ ಬೆರಳುಗಳಿಂದ ಕಣ್ಣು ಕೀಳದೆ.

ಅವರು ಹೊರಟ ಮೇಲೆ ಅವಳ ಕಿವಿಯ ಬಳಿ ಬಾಗಿದ. "ಸಾಕು ಬಿಡೇ. ಬೋರ್ಡ್ ಅಳಿಸಿಬಿಟ್ರು. ಅವರೆಕಾಯಿ ಮುಗೀತು."

ಬೆರಳುಗಳು ನಿಂತವು. ಅವುಗಳ ಹಿಂದೆಯೇ ಉಸಿರೂ ನಿಂತಿತು.