ದೇವರ ಫೋಟೋದ ಹಿಂದಿನ ಗೋಡೆ

ನಾನು ಶಾಲೆ ಬಿಟ್ಟದ್ದು ೧೯೬೧ರಲ್ಲಿ. ಅದೇ ವರ್ಷ ಬಾಡಿಗೆ ಮನೆ ನೋಡಲು ಅವ್ವನ ಜೊತೆ ಹಳೇ ಹುಬ್ಬಳ್ಳಿಗೆ ಹೋಗಿದ್ದೆ. ಹಸಿ ಸುಣ್ಣದ ವಾಸನೆ ಬಂದರೆ ಇಂದಿಗೂ ನನಗೆ ಹೇಸಿಗೆಯಾಗುತ್ತದೆ.

ಆ ಮನೆಯ ಮಣ್ಣಿನ ಗೋಡೆಗೆಲ್ಲ ಆಗಷ್ಟೇ ಸುಣ್ಣ ಬಳಿದಿದ್ದರು. ತೊಲೆಯ ಕೆಳಗೆ ದೊಡ್ಡದೊಂದು ದೇವರ ಫೋಟೋ ತೂಗುತ್ತಿತ್ತು. ಅವ್ವ ಕೈಮುಗಿದು, ಹಿಂದಿನ ಗೋಡೆ ನೋಡಲೆಂದು ಅದನ್ನು ಎತ್ತಲು ಹೋದಳು.

“ದೇವರನ್ನ ಅಲಗಾಡಿಸಬ್ಯಾಡ ತಂಗೀ!” ಎಂದು ಮನೆಯ ಮಾಲೀಕ ಓಡಿ ಬಂದ.

ಅಷ್ಟರಲ್ಲಿ ಫೋಟೋ ಅವ್ವನ ಕೈಯಲ್ಲಿತ್ತು. ಹಿಂದೆ ಗೋಡೆ ನನ್ನ ಕೈ ಮೊಣಕೈವರೆಗೆ ಹೋಗುವಷ್ಟು ಬಿರಿದಿತ್ತು. ಒಳಗೆ ಒದ್ದೆ ಮಣ್ಣು, ತೊಲೆಯ ತುದಿ ತಿಂದು ಗಿಜಿಗುಡುವ ಗೆದ್ದಲು, ಕೊಳೆತ ಇಲಿಯ ನಾತ.

“ಇದರ ಕೆಳಗ ನನ್ನ ಮಕ್ಕಳನ್ನ ಮಲಗಸ್ಲೇನ್ರೀ? ನಿಮ್ಮ ಹೊಲಸಿಗೆ ದೇವರನ್ನ ಕಾವಲಿಟ್ಟೀರಲ್ಲಾ!” ಎಂದ ಅವ್ವ ಹೊರಗೆ ಬಂದು ಉಗುಳಿದಳು.

ಈಗ ಅದೇ ಹುಬ್ಬಳ್ಳಿಯ ಗೋಪನಕೊಪ್ಪದಲ್ಲಿ ನಾನೇ ದುಡಿದು ಕಟ್ಟಿಸಿದ ಎರಡು ಮನೆಗಳಿವೆ. ಗೋಡೆಗೆ ತೂಗುಹಾಕಿದ ಫೋಟೋ ಒಂದೂ ಇಲ್ಲ.