ಒಂದೇ ಸಲ ಬಂದ ಮಾತು

“ನಿನ್ನಿಷ್ಟ” ಎಂದು ಗಂಡ ಮತ್ತೆ ಹೇಳಿದಾಗ ಹೆಂಡತಿ ಚಹಾದ ಲೋಟವನ್ನು ಮೇಜಿನ ಮೇಲೆ ಕುಕ್ಕಿದಳು. ಅವಳು ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವಳು. ಬೇರೆ ಊರಿನಲ್ಲಿ ತೆರೆಯುವ ಹೊಸ ಶಾಖೆಗೆ ಹೋಗುತ್ತೀರಾ ಎಂದು ಮೇಲಿನವರು ಕೇಳಿದ್ದರು. ಹೂಂ ಅಥವಾ ಊಹೂಂ ಅನ್ನುವುದನ್ನು ಇವತ್ತು ಸಂಜೆಯೊಳಗೆ ಫೋನ್ ಮಾಡಿ ತಿಳಿಸಬೇಕಿತ್ತು. ಗಂಡನನ್ನು ಕೇಳಿದರೆ ಅಡ್ಡಗೋಡೆಯ ಮೇಲೆ ದೀಪ ಇಡುತ್ತಿದ್ದ.

“ಹೋಗು ಅನ್ನಿ, ಬೇಡ ಅನ್ನಿ ಅಂತ ನಾನು ಕೇಳ್ತಿಲ್ಲ ಕಣ್ರೀ. ನಾನು ಹೋದ್ರೆ ನಿಮಗೆ ಏನಾದ್ರೂ ಅನ್ಸುತ್ತಾ ಇಲ್ವಾ, ಅಷ್ಟು ಹೇಳಿ ಸಾಕು. ಮದುವೆಯಾದಾಗಿಂದ ನನ್ನ ಹತ್ತಿರ ಒಂದು ಮಾತಾದ್ರೂ ನೆಟ್ಟಗೆ ಆಡಿದೀರಾ?”

ಈ ಕೊನೆಯ ಪ್ರಶ್ನೆ ಅವನಿಗೆ ನಾಟಿತು. ಪಾಪ, ಅವನ ಕಸುಬೇ ಜನರ ಮಾತನ್ನು ಅಳೆಯುವುದು. ವಿಮಾ ಕಚೇರಿಗೆ ಬಂದು ಬೀಳುವ ದೂರುಗಳ ರಾಶಿಯನ್ನು ಪ್ರೋಗ್ರಾಮಿಗೆ ಉಣಿಸಿ ಪದಗಳ ಮರ ಬರೆಸುತ್ತಿದ್ದ. ಬುಡಕ್ಕೆ ಒಂದು ಪದ ಕೊಟ್ಟರೆ ಸಾಕು, ಆ ಪದದ ಮುಂದೆ ಜನ ಏನೇನು ಬರೆದಿದ್ದಾರೋ ಅದೆಲ್ಲ ಪರದೆಯ ಮೇಲೆ ಕೊಂಬೆ ಕೊಂಬೆಯಾಗಿ ಹರಡಿಕೊಳ್ಳುತ್ತಿತ್ತು. ಹೆಚ್ಚು ಸಲ ಬಂದ ಮಾತಿಗೆ ದಪ್ಪ ಅಕ್ಷರ, ಕಡಿಮೆ ಬಂದದ್ದಕ್ಕೆ ಸಣ್ಣದು. ಅಂಥವನಿಗೆ ಮಾತೇ ಆಡುವುದಿಲ್ಲ ಎಂದರೆ ಹೇಗೆ ಸಹಿಸಿಯಾನು?

“ಪುರಾವೆ ಇಲ್ದೆ ಮಾತಾಡಬೇಡ. ನಾನು ನಿನಗೆ ಕಳಿಸಿದ ಮೆಸೇಜೆಲ್ಲ ಫೋನಲ್ಲೇ ಇದೆ. ತೋರಿಸ್ತೀನಿ ಬಾ” ಎಂದು ಲ್ಯಾಪ್‌ಟಾಪ್ ತೆರೆದ. ಅಷ್ಟು ವರ್ಷದ ಮೆಸೇಜುಗಳನ್ನೆಲ್ಲ ಪ್ರೋಗ್ರಾಮಿಗೆ ಇಳಿಸಿ, ಬುಡಕ್ಕೆ ‘ನೀನು’ ಎಂಬ ಪದ ಕೊಟ್ಟ. ಮೇಜಿನ ಆ ತುದಿಯಲ್ಲಿ ಬಟಾಣಿ ಬಿಡಿಸುತ್ತಿದ್ದ ಅವನ ಅಮ್ಮ, “ಜಗಳ ಆಡೋಕೂ ಕಂಪ್ಯೂಟರ್ ಬೇಕೇನೋ ನಿನಗೆ?” ಎಂದರು. ಅಂದರೂ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು.

ಮರ ಮೂಡಿತು. ‘ನೀನು’ ಎಂಬ ಬುಡದಿಂದ ‘ಬರುವಾಗ’ ಎಂಬ ದಪ್ಪ ಕೊಂಬೆ. ಅದರ ತುದಿಯಲ್ಲಿ ಹಾಲು ತಾ, ಬಲ್ಬು ತಾ, ಅಮ್ಮನ ಮಾತ್ರೆ ತಾ. ಇನ್ನೊಂದು ಕೊಂಬೆಯಲ್ಲಿ ‘ಕೀಲಿ ಎಲ್ಲಿಟ್ಟೆ’. ಮತ್ತೊಂದರಲ್ಲಿ ‘ಊಟ ಮಾಡಿ ಮಲಗು, ನಾನು ಬರೋದು ತಡ’. ನೋಡಲು ಅಚ್ಚುಕಟ್ಟಾದ ಮರ. ಅವನಿಗೆ ಹೆಮ್ಮೆಯೇ ಆಯಿತು.

“ನೋಡು, ಎಷ್ಟೊಂದು ಮಾತಾಡಿದೀನಿ!”

“ಕಿರಾಣಿ ಅಂಗಡಿ ಇಟ್ಟ ಹಾಗಿದೆ” ಎಂದರು ಅಮ್ಮ.

ಹೆಂಡತಿ ಬೈಯುತ್ತಾಳೆಂದು ಅವನು ಕಾದ. ಅವಳು ಬೈಯಲಿಲ್ಲ. ಪರದೆಗೆ ಮುಖ ತಂದು ಒಂದೊಂದೇ ಕೊಂಬೆಯ ಮೇಲೆ ಬೆರಳಾಡಿಸುತ್ತ ಏನನ್ನೋ ಹುಡುಕಿದಳು. ಕೊನೆಗೆ, “ಇದರಲ್ಲಿ ಒಂದು ಇಲ್ಲ” ಎಂದಳು.

“ಎಲ್ಲಾ ಇದೆ, ಒಂದಕ್ಷರ ಬಿಟ್ಟಿಲ್ಲ.” ಅಷ್ಟು ಹೇಳಿ ಸುಮ್ಮನಿರಲು ಅವನ ಕಸುಬು ಬಿಡಲಿಲ್ಲ. “ಅಂದ್ರೆ, ಒಂದೇ ಸಲ ಬಂದಿದ್ದನ್ನ ತೆಗೆದಿದೀನಿ. ಅದನ್ನೆಲ್ಲ ಸೇರಿಸಿದ್ರೆ ಮರ ಹೋಗಿ ಪೊದೆ ಆಗುತ್ತೆ. ಆಫೀಸಲ್ಲೂ ಹೀಗೇ ಮಾಡೋದು. ಒಂದು ಸಲ ಅಂದ್ರೆ ಯಾರೋ ಬಾಯಿತಪ್ಪಿ ಅಂದಿರ್ತಾರೆ. ಎರಡನೇ ಸಲ ಬಂದ್ರೇನೇ ನಂಬೋದು.”

“ಅದನ್ನೂ ಸೇರಿಸಿ.”

ಕನಿಷ್ಠ ಎಷ್ಟು ಸಲ ಬಂದಿರಬೇಕು ಎಂಬಲ್ಲಿ ಎರಡು ಎಂದಿದ್ದುದನ್ನು ಅವನು ಒಂದು ಎಂದು ತಿದ್ದಿದ. ಮರ ನಿಜಕ್ಕೂ ಪೊದೆಯಾಯಿತು. ಅವಳ ಬೆರಳು ಆ ಗೋಜಲಿನಲ್ಲಿ ಇಳಿದು ತೀರಾ ಕೆಳಗಿನ ಒಂದು ಎಳೆಯ ಹತ್ತಿರ ನಿಂತಿತು. ಇರುವೆಯಷ್ಟು ಸಣ್ಣ ಅಕ್ಷರ. ಅವನು ಕನ್ನಡಕ ಸರಿಮಾಡಿಕೊಂಡು ಓದಿದ: ‘ನೀನು ಇಲ್ಲದ ಮನೆಯೊಳಗೆ ಹೋಗೋಕೆ ಮನಸ್ಸಾಗದೆ ಮೆಟ್ಟಿಲ ಮೇಲೇ ಕೂತಿದೀನಿ.’ ಹಿಂದೊಮ್ಮೆ ಅವಳು ತರಬೇತಿಗೆಂದು ಬೇರೆ ಊರಿಗೆ ಹೋಗಿದ್ದಾಗ ಬರೆದದ್ದು. ಬರೆದವನಿಗೆ ಅದು ಮರೆತೇಹೋಗಿತ್ತು. ಈಗ ಅವನಿಗೆ ನಾಚಿಕೆಯಾಯಿತು. ಬರೆದದ್ದಕ್ಕಲ್ಲ, ಅದನ್ನು ಕಸವೆಂದು ತನ್ನ ಕೈಯಾರೆ ಗುಡಿಸಿ ಹಾಕಿದ್ದಕ್ಕೆ.

“ನಾನು ಒಳಗೇ ಇದ್ದೆನಲ್ಲೋ ಆವತ್ತು!” ಎಂದರು ಅಮ್ಮ.

ಹೆಂಡತಿ ಆಸ್ಪತ್ರೆಯ ನಂಬರು ತೆಗೆದಿಟ್ಟಿದ್ದ ಫೋನನ್ನು ಮೇಜಿನ ಮೇಲೆ ಬಿಟ್ಟು, ಕುರ್ಚಿಯನ್ನು ಗಂಡನ ಕಡೆಗೆ ತಿರುಗಿಸಿ ಕುಳಿತಳು.

“ಇದೊಂದನ್ನ ನಂಬ್ಕೊಂಡೇ ಇಷ್ಟು ವರ್ಷ ಸಂಸಾರ ಮಾಡಿದೀನಿ ರೀ. ಒಂದು ಸಲ ಬಂದಿದ್ದನ್ನ ನಂಬೋ ಹಾಗಿಲ್ಲ ಅಂತ ಈಗ ನೀವೇ ಹೇಳಿದ್ರಿ. ಎಲ್ಲಿ, ಎರಡನೇ ಸಲ ಹೇಳಿ.”