ಕೈ ಇಡುವ ಕೆಲಸ

"ಈಗ ನೀವೇ ಹೇಳಿ ಲೋಕಣ್ಣ. ಇದನ್ನೇ ಬಿಚ್ಚಿ ಸರಿ ಮಾಡುವುದಾ, ಹೊಸತು ಹಾಕುವುದಾ?"

ಪದ್ಮಿನಿ ಕಾರಿನ ಕಾರ್ಬುರೇಟರನ್ನು ಮೆಕ್ಯಾನಿಕ್ ಚೆನ್ನಯ ಹಳೆಯ ಪೇಪರಿನ ಮೇಲೆ ಇಟ್ಟು, ಕೈ ಒರೆಸಿಕೊಂಡು ನಿಂತ. ಪೆಟ್ರೋಲ್ ಸೋರಿ, ಸಿಗ್ನಲ್ಲಿಗೊಮ್ಮೆ ಎಂಜಿನ್ ನಿಂತು, ಹಿಂದಿನ ಗಾಡಿಯವರಿಂದ ಕೇಳಬಾರದ್ದೆಲ್ಲ ಕೇಳಿಸಿಕೊಂಡ ಮೇಲೆ, ಇಷ್ಟು ವರ್ಷ ಬೇರೆಯವರಿಗೆ ಮುಟ್ಟಲೂ ಬಿಡದಿದ್ದ ಕಾರನ್ನು ಲೋಕನಾಥ ಮೊದಲ ಸಲ ಈ ತುರ್ಭೆಯ ಗ್ಯಾರೇಜಿಗೆ ತಂದಿದ್ದ. ಪಕ್ಕದ ಸ್ಟೂಲಿನ ಮೇಲೆ ಅವನ ಹೆಂಡತಿ ಪ್ರಫುಲ್ಲಾ ಕೂತಿದ್ದಳು.

"ಹೊಸತಾದ್ರೆ ಕೀ ತಿರುಗಿಸಿದ್ರೆ ಮುಗೀತು. ಅಕ್ಕ ಕೈ ಇಡುವ ರಗಳೆಯೇ ಇಲ್ಲ," ಎಂದ ಚೆನ್ನಯ.

ಆ ರಗಳೆ ಹನ್ನೊಂದು ವರ್ಷದ್ದು. ಕಾರಿನ ಚೋಕ್ ಕೆಟ್ಟಿತ್ತು. ಗಾಳಿ ತಡೆಯುವ ಅದರ ಕೆಲಸವನ್ನು ಕೈಯೇ ಮಾಡಬೇಕು: ಎಂಜಿನ್ ತಣ್ಣಗಿದ್ದಾಗ ಕಾರ್ಬುರೇಟರಿನ ಬಾಯನ್ನು ಅಂಗೈಯಲ್ಲಿ ಒತ್ತಿ ಹಿಡಿದರೆ ಮಾತ್ರ ಅದು ಸ್ಟಾರ್ಟ್ ಆಗುವುದು. ಒಬ್ಬರು ಒಳಗೆ ಕೂತು ಕೀ ತಿರುಗಿಸಬೇಕು, ಇನ್ನೊಬ್ಬರು ಬಾನೆಟ್ಟಿನೊಳಗೆ ಕೈ ಇಡಬೇಕು. ಪ್ರತಿ ಭಾನುವಾರ ಬೆಳಿಗ್ಗೆ ಏಳಕ್ಕೆ ಲೋಕನಾಥ, "ಹೋಯ್, ಕೈ ಇಡ್ಲಿಕ್ಕೆ ಬಾ ಮಾರಾಯ್ತಿ," ಎಂದು ಕೂಗುತ್ತಿದ್ದ. ಹೇಗೂ ಎರಡು ಮಾಳಿಗೆ ಇಳಿದಾಯಿತಲ್ಲ ಎಂದು ಅವಳೂ ಹತ್ತಿ ಕೂರುತ್ತಿದ್ದಳು. ಘಣಸೋಲಿಯ ಮನೆಯಿಂದ ನೌಪಾಡಾಕ್ಕೆ ಸವಾರಿ, ಅಲ್ಲಿನ ಹೋಟೆಲಲ್ಲಿ ಬಿಸಿ ಗೋಳಿಬಜೆ, ಕಾಫಿ. ಹೋಗುತ್ತ ಬರುತ್ತ ಅವಳು ಅಂಗೈ ಮೂಸಿ ಮೂಸಿ ಬೈಯುತ್ತಿದ್ದಳು: "ಥೂ, ಎಷ್ಟು ತೊಳೆದ್ರೂ ಪೆಟ್ರೋಲ್ ವಾಸನೆ! ಹೊಸತೊಂದು ಹಾಕ್ಸಿ ಅಂದ್ರೆ ಕಿವಿ ಕೇಳುದಿಲ್ವಾ ನಿಮ್ಗೆ?"

ಈಗ ಚೆನ್ನಯ ಹೊಸತಿನ ಮಾತೆತ್ತಿದ್ದಾನೆ. ಹೂಂ ಎಂದುಬಿಟ್ಟರೆ ಆಯಿತು. ಆದರೆ ಪ್ರಫುಲ್ಲಾ ಯೋಚನೆಗೆ ಬಿದ್ದಳು. ಕೈ ಇಡುವುದೇ ಬೇಡವಾದರೆ ಇವರು ತನ್ನನ್ನು ಯಾಕಾದರೂ ಕರೆಯುತ್ತಾರೆ? ನಲವತ್ತು ವರ್ಷ ಹೋಟೆಲಿನ ಗಲ್ಲಾದಲ್ಲಿ ಕೂತು, ಹೋಗುವವರಿಗೂ ಬರುವವರಿಗೂ "ಬನ್ನಿ ಬನ್ನಿ" ಎಂದ ಬಾಯಿ ಲೋಕನಾಥನದು. ಮನೆಗೆ ಬಂದರೆ ಅದಕ್ಕೆ ಬೀಗ. ಮದುವೆಯಾದಂದಿನಿಂದ ಒಂದು ದಿನ, ಒಂದೇ ಒಂದು ದಿನ, "ಬರ್ತೀಯಾ, ಹೋಗುವ" ಎಂದು ಹೆಂಡತಿಯನ್ನು ಕರೆದ ಗಂಡಸಲ್ಲ. ಇನ್ನು ತನ್ನ ಭಾನುವಾರ ಮುಗಿಯಿತು ಎಂದು ಅವಳಿಗೆ ನಿಜವಾಗಿಯೂ ಸಂಕಟವಾಯಿತು.

"ಹೊಸತೆಲ್ಲ ಬೇಡ," ಲೋಕನಾಥ ಅವಸರದಿಂದ ಹೇಳಿದ. "ಇದನ್ನೇ ಸರಿ ಮಾಡು. ಸೋರುದು ನಿಂತ್ರೆ ಸಾಕು. ಚೋಕಿನ ತಂಟೆಗೆ ಹೋಗ್ಬೇಡ."

"ಚೋಕಿಗೆ ಎಂತ ಆಗಿದೆ ಲೋಕಣ್ಣ? ಅದು ಸಮ ಉಂಟು." ಚೆನ್ನಯ ಬಾನೆಟ್ಟಿನೊಳಗೆ ಬೆರಳು ತೋರಿಸಿದ. "ಇಲ್ಲಿ ನೋಡಿ. ಚೋಕಿನ ವೈರನ್ನು ಕೊಕ್ಕೆಯಿಂದ ಬಿಡಿಸಿ, ಮಡಚಿ, ನೂಲಲ್ಲಿ ಕಟ್ಟಿ ಇಟ್ಟಿದ್ದಾರೆ. ಯಾರೋ ಪುಣ್ಯಾತ್ಮ ಬೇಕೂಂತಲೇ ಮಾಡಿದ್ದು!"

ಪ್ರಫುಲ್ಲಾ ಎದ್ದು ಬಂದು ಬಗ್ಗಿ ನೋಡಿದಳು. ನೀಲಿ ನೂಲು, ತನ್ನದೇ ಹೊಲಿಗೆ ಡಬ್ಬಿಯದು. ನಾಲ್ಕು ಸುತ್ತು ಸುತ್ತಿ ಹಾಕಿದ ಗಂಟಂತೂ ಹೋಟೆಲಿನವರು ಪಾರ್ಸೆಲಿಗೆ ಹಾಕುವ ಗಂಟು. ಮಗಳು ತನ್ವಿ ಮದುವೆಯಾಗಿ ಕಲ್ಯಾಣದಲ್ಲಿರುವ ಗಂಡನ ಮನೆಗೆ ಹೋದ ವರ್ಷ ಅವಳಿಗೆ ನೆನಪಾಯಿತು. ಮನೆ ಬಿಕೋ ಎನ್ನುತ್ತಿತ್ತು. ಎರಡು ತಿಂಗಳು ಅವಳು ಮೆಟ್ಟಿಲು ಇಳಿದಿರಲಿಲ್ಲ, ಯಾರು ಹೇಳಿದರೂ ಕೇಳಿರಲಿಲ್ಲ. ಆಮೇಲೊಂದು ಭಾನುವಾರ ಕಾರಿನ ಚೋಕ್ ಕೆಟ್ಟಿತ್ತು.

ತಿರುಗಿ ನೋಡಿದರೆ ಲೋಕನಾಥ ಗೋಡೆಯ ಮೇಲಿನ ಟಯರ್ ಕಂಪನಿಯ ಕ್ಯಾಲೆಂಡರನ್ನು ಪಂಚಾಂಗ ಓದುವವರ ಹಾಗೆ ಓದುತ್ತಿದ್ದ. ಕಿವಿ ಎರಡೂ ಕೆಂಪಾಗಿದ್ದವು. ಹನ್ನೊಂದು ವರ್ಷ ಪೆಟ್ರೋಲ್ ಮೂಸಿಸಿದರಲ್ಲ ಎಂದು ಪ್ರಫುಲ್ಲಾಳಿಗೆ ಮೈಯೆಲ್ಲ ಉರಿಯಿತು. ಅದರ ಬೆನ್ನಿಗೇ ನಗು ಬಂತು. ಆಮೇಲೆ ಬಂದದ್ದು ಬರೀ ಖುಷಿ. ಅದನ್ನು ಚೆನ್ನಯನಿಗೆ ಕಾಣಿಸಬಾರದೆಂದು ಸೆರಗಿನಿಂದ ಮುಖ ಒರೆಸಿಕೊಂಡಳು.

"ಚೆನ್ನಯ, ಹೊಸತು ಬೇಡ. ಇದನ್ನೇ ಸರಿ ಮಾಡು. ಆ ವೈರನ್ನೂ ಸಿಕ್ಕಿಸಿ ಬಿಡು."

"ವೈರ್ ಯಾಕೆ ಈಗ?" ಎಂದಿತು ಕ್ಯಾಲೆಂಡರಿನ ಕಡೆಯ ಧ್ವನಿ.

"ನನ್ನ ಕೈ ದುಡಿದದ್ದು ಸಾಕು. ಇನ್ನು ನಿಮ್ಮ ಬಾಯಿ ಸ್ವಲ್ಪ ದುಡೀಲಿ."

ಮುಂದಿನ ಭಾನುವಾರ ಏಳಕ್ಕೆ ಕಾರು ಒಂದೇ ಏಟಿಗೆ ಸ್ಟಾರ್ಟ್ ಆದದ್ದು ಮೇಲಿನವರೆಗೂ ಕೇಳಿಸಿತು. ಹೊರಡಲಿಲ್ಲ. ಒಂದು ಹಾರ್ನ್ ಬಂತು. ಸ್ವಲ್ಪ ಬಿಟ್ಟು ಇನ್ನೊಂದು. ಪ್ರಫುಲ್ಲಾ ಅಡುಗೆಮನೆಯಿಂದ ಅಲುಗಲಿಲ್ಲ. ಒಬ್ಬರೇ ಹೋಗಿಬಿಟ್ಟರೆ? ಎಂಜಿನ್ ನಿಂತಿತು. ಕಾರಿನ ಬಾಗಿಲು ತೆರೆದ ಸದ್ದಾಯಿತು.

"ಪ್ರಫುಲ್ಲಾ! ನೌಪಾಡಾಕ್ಕೆ ಹೋಗುವಾ? ನೀನೂ ಬರ್ತೀಯಾ?"

ಗಲ್ಲಾದಲ್ಲಿ ಕೂತು ಪಳಗಿದ ಗಂಟಲು ಅದು. ಹೌಸಿಂಗ್ ಸೊಸೈಟಿಯ ನಾಲ್ಕಾರು ಕಿಟಕಿಗಳು ತೆರೆದುಕೊಂಡವು. ಎದುರು ಮನೆಯ ಮರಾಠಿ ಅಜ್ಜಿ ಟೂತ್‌ಬ್ರಷ್ ಬಾಯಲ್ಲಿಟ್ಟುಕೊಂಡೇ ಇಣುಕಿದಳು. ಪ್ರಫುಲ್ಲಾ ಬಾಲ್ಕನಿಗೆ ಬಂದಳು. ಆರೂವರೆಗೇ ಉಟ್ಟ ಸೀರೆ, ಹೆಗಲಲ್ಲಿ ಬ್ಯಾಗು, ಕೈಯಲ್ಲಿ ಮನೆಯ ಬೀಗ.

"ಎಂತ?" ಎಂದಳು ಕಿವಿಗೆ ಕೈ ಹಿಡಿದು. "ಸರಿ ಕೇಳ್ಲಿಲ್ಲ. ಇನ್ನೊಮ್ಮೆ ಹೇಳಿ!"